ದ್ಯುತಿಮಾಪಕ: ಬೆಳಕಿನ ಅಳತೆಯೂ ಅದನ್ನು ಹೇಳುವ ಮಾತುಗಳೂ

ಬೆಳಕನ್ನು ಅಳೆಯುವುದು ಭೌತವಿಜ್ಞಾನಿಗಳ ಕಾರ್ಯವಾದರೂ, ಆ ಅಳತೆಯನ್ನು ಕನ್ನಡದಲ್ಲಿ ಹೇಳುವ ಭಾರವು ಭಾಷೆಯನ್ನು ಬಲ್ಲವರ ಮೇಲೆಯೂ ಬೀಳುತ್ತದೆ. ಬೆಳಕು, ಕಾಂತಿ, ದೀಪ್ತಿ, ಪ್ರಭೆ, ಪ್ರಕಾಶ, ತೇಜಸ್ಸು ಎಂಬ ಶಬ್ದಗಳು ಕಾವ್ಯದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲವು. ಪ್ರಯೋಗಶಾಲೆಯಲ್ಲಿ ಈ ಸ್ವಾತಂತ್ರ್ಯವು ಸಲ್ಲದು. ಅಲ್ಲಿ ಮೂರು ಬೇರೆ ಬೇರೆ ಪರಿಮಾಣಗಳು 'ಬೆಳಕು' ಎಂಬ ಒಂದೇ ಮಾತಿನೊಳಗೆ ಅಡಗಿವೆ. ಅವನ್ನು ಬೇರ್ಪಡಿಸಿಕೊಳ್ಳದ ವಿದ್ಯಾರ್ಥಿಯು ಲೆಕ್ಕವನ್ನು ಸರಿಯಾಗಿ ಮಾಡಿಯೂ ತಾನು ಅಳೆದುದು ಏನೆಂಬುದನ್ನು ಅರಿಯನು. ಕಾಲೇಜುಗಳಲ್ಲಿ ಫೋಟೋಮೀಟರೆಂದು ರೂಢಿಯಾಗಿರುವ ದ್ಯುತಿಮಾಪಕದ ಸ್ವರೂಪವನ್ನು ವಿವರಿಸಿ, ಅದೇ ತತ್ತ್ವವು ಬೆಂಗಳೂರಿಗೆ ಪೂರ್ವೋತ್ತರದ ಹೊಸಕೋಟೆಯ ಖಗೋಳಕೇಂದ್ರದಲ್ಲಿ ಹೇಗೆ ನಡೆಯುತ್ತಿದೆಯೆಂಬುದನ್ನು ತೋರಿಸಿದರೆ ಈ ಭೇದವು ಸ್ಪಷ್ಟಪಡುವುದು.

೧. ಮೂರು ಅರ್ಥಗಳು

ದೊಡ್ಡಬಳ್ಳಾಪುರದ ರೇಷ್ಮೆಯ ಮಗ್ಗವೊಂದರ ಮೇಲೆ ದೀಪವು ತೂಗಿದೆಯೆಂದು ಭಾವಿಸಬಹುದು. 'ಈ ದೀಪಕ್ಕೆ ಬೆಳಕು ಹೆಚ್ಚು' ಎಂದಾಗ ಹೇಳಿದುದು ದೀಪವು ಒಂದು ದಿಕ್ಕಿಗೆ ಬೀರುವ ಶಕ್ತಿಯನ್ನು. ಇದು ದೀಪದ ಧರ್ಮ. ಇದರ ಮಾನವು ಕ್ಯಾಂಡೆಲಾ. 'ದೀಪದಿಂದ ಬೆಳಕು ಸುತ್ತಲೂ ಹರಿಯುತ್ತಿದೆ' ಎಂದಾಗ ಹೇಳಿದುದು ಎಲ್ಲ ದಿಕ್ಕುಗಳಿಗೂ ಹೊರಡುವ ಒಟ್ಟು ಪ್ರವಾಹವನ್ನು. ಇದರ ಮಾನವು ಲೂಮೆನ್. 'ನೂಲಿನ ಮೇಲೆ ಬೆಳಕು ಸಾಲದು' ಎಂದಾಗ ಹೇಳಿದುದು ನೂಲಿನ ತಾಣದಲ್ಲಿ ಬಿದ್ದ ಬೆಳಕನ್ನು. ಒಂದು ಚದರ ಮೀಟರಿನ ಮೇಲೆ ಒಂದು ಲೂಮೆನ್ ಬಿದ್ದರೆ ಅದಕ್ಕೆ ಒಂದು ಲಕ್ಸ್ ಎಂದು ಹೆಸರು. ದೀಪವನ್ನು ಬದಲಿಸದೆ ಕೆಳಗಿಳಿಸಿದರೆ ಮೊದಲ ಎರಡು ಬೆಳಕುಗಳು ಇದ್ದಂತೆಯೇ ಇರುವುವು, ಮೂರನೆಯದು ಮಾತ್ರ ಹೆಚ್ಚುವುದು. ನೇಯುವವನಿಗೆ ಬೇಕಾದುದು ಈ ಮೂರನೆಯದೇ.

ಮೊದಲನೆಯದನ್ನು ದೀಪ್ತಿಯೆಂದೂ, ಎರಡನೆಯದನ್ನು ಪ್ರಭಾಪ್ರವಾಹವೆಂದೂ, ಮೂರನೆಯದನ್ನು ಪ್ರಕಾಶನವೆಂದೂ ಕರೆದರೆ ಧಾತ್ವರ್ಥಕ್ಕೂ ಬಾಧೆಯಿಲ್ಲ. ಉರಿಯುವ ವಸ್ತುವಿನದು ದೀಪ್ತಿ. ಅದರಿಂದ ಹೊಮ್ಮಿ ಹರಡುವುದು ಪ್ರಭೆ. ಇನ್ನೊಂದು ವಸ್ತುವನ್ನು ಕಾಣುವಂತೆ ಮಾಡುವುದು ಪ್ರಕಾಶನ.

೨. ಕಣ್ಣಿನ ಶಕ್ತಿಯೂ ಅದರ ಎಲ್ಲೆಯೂ

ಎರಡು ದೀಪಗಳನ್ನು ನೋಡಿ ಒಂದು ಇನ್ನೊಂದಕ್ಕಿಂತ ಪ್ರಖರವೆಂದು ಕಣ್ಣು ಹೇಳಬಲ್ಲುದು. ಎಷ್ಟು ಪಾಲು ಪ್ರಖರವೆಂದು ಹೇಳಲಾರದು. ವೈಶೇಷಿಕ ಮತವನ್ನು ಓದಿದವರಿಗೆ ಇದು ಆಶ್ಚರ್ಯವೆನಿಸದು. ಆ ಮತದಲ್ಲಿ ತೇಜಸ್ಸು ದ್ರವ್ಯ, ಅದರ ಭಾಸ್ವರಶುಕ್ಲವೆಂಬ ರೂಪವು ಗುಣ. ಪರಿಮಾಣವೂ ಒಂದು ಗುಣವೇ. ಗುಣದಲ್ಲಿ ಬೇರೊಂದು ಗುಣವು ಇರುವುದನ್ನು ವೈಶೇಷಿಕರು ಒಪ್ಪುವುದಿಲ್ಲವಾದುದರಿಂದ, ರೂಪಕ್ಕೆ ನೇರವಾಗಿ ಪರಿಮಾಣವನ್ನು ಹೇಳುವಂತಿಲ್ಲ. ಪ್ರಾಚೀನರು ದ್ಯುತಿಮಾಪನವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಸರಿಯಲ್ಲ. ಅಳತೆಯ ತೊಡಕು ಎಲ್ಲಿದೆಯೆಂಬುದನ್ನು ಕಾಣಲು ಮಾತ್ರ ಆ ವಿಚಾರವು ನೆರವಾಗುತ್ತದೆ.

ತೊಡಕಿಗೆ ಪರಿಹಾರವನ್ನು ತೋರಿಸಿದವನು ಫ್ರಾನ್ಸ್ ದೇಶದ ಪಿಯೆರ್ ಬೂಗೇ. ೧೭೨೯ರಲ್ಲಿ ಪ್ರಕಟವಾದ ಅವನ ಗ್ರಂಥದ ಸಾರವೇನೆಂದರೆ, ಕಣ್ಣನ್ನು 'ಎಷ್ಟು' ಎಂದು ಕೇಳಬಾರದು, 'ಸಮವೇ' ಎಂದು ಮಾತ್ರ ಕೇಳಬೇಕು. ಪಕ್ಕಪಕ್ಕದಲ್ಲಿರುವ ಎರಡು ತಾಣಗಳ ಬೆಳಕಿನಲ್ಲಿ ಅರುವತ್ತನಾಲ್ಕರಲ್ಲೊಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ಕಣ್ಣು ಅದನ್ನು ಹಿಡಿಯುವುದೆಂದು ಅವನು ಕಂಡನು. ಮೇಣದ ಬತ್ತಿಯನ್ನು ನಡುವಣ ಸಾಕ್ಷಿಯಾಗಿಟ್ಟುಕೊಂಡು, ಸೂರ್ಯನ ಬೆಳಕು ಪೂರ್ಣಚಂದ್ರನ ಬೆಳಕಿಗಿಂತ ಸುಮಾರು ೩ ಲಕ್ಷ ಪಾಲು ಹೆಚ್ಚೆಂದು ಗಣಿಸಿದನು. ಇಂದಿನ ಗಣನೆಯಲ್ಲಿ ಅದು ಸುಮಾರು ೪ ಲಕ್ಷ. ಬರಿಗಣ್ಣಿನ ಸಾಕ್ಷ್ಯಕ್ಕೆ ಇಷ್ಟು ಹತ್ತಿರ ಬಂದುದೇ ದೊಡ್ಡದು.

೩. ಪ್ರಯೋಗದ ಕ್ರಮ

ದೀಪದಿಂದ ಒಂದು ಮೊಳ ದೂರದಲ್ಲಿ ಒಂದು ಹಲಗೆಯ ಮೇಲೆ ಬೀಳುವ ಬೆಳಕು ಎರಡು ಮೊಳ ದೂರಕ್ಕೆ ಹೋಗುವಷ್ಟರಲ್ಲಿ ಅಂಥ ನಾಲ್ಕು ಹಲಗೆಗಳಷ್ಟು, ಮೂರು ಮೊಳಕ್ಕೆ ಒಂಬತ್ತು ಹಲಗೆಗಳಷ್ಟು ಹರಡಿಕೊಳ್ಳುವುದು. ಆದುದರಿಂದ ಪ್ರಕಾಶನವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. ಈ ನಿಯಮವೊಂದು ಕೈಯಲ್ಲಿದ್ದರೆ ಬೆಳಕನ್ನು ಅಳೆಯಬೇಕಾಗಿಲ್ಲ. ದೂರವನ್ನು ಅಳೆದರೆ ಸಾಕು.

ಜರ್ಮನಿಯ ಬುನ್ಸೆನ್ ೧೮೪೦ರ ದಶಕದಲ್ಲಿ ರಚಿಸಿದ ಜಿಡ್ಡುಚುಕ್ಕೆಯ ದ್ಯುತಿಮಾಪಕವು ಈ ಯುಕ್ತಿಯನ್ನು ಅತ್ಯಂತ ಸರಳವಾಗಿ ತೋರಿಸುತ್ತದೆ. ಬಿಳಿಯ ಕಾಗದದ ನಡುವೆ ಎಣ್ಣೆಯ ಅಥವಾ ಮೇಣದ ಒಂದು ಚುಕ್ಕೆ. ಚುಕ್ಕೆಯ ಭಾಗವು ಬೆಳಕನ್ನು ಹೆಚ್ಚಾಗಿ ದಾಟಿಸುವುದು, ಉಳಿದ ಭಾಗವು ಹೆಚ್ಚಾಗಿ ಹಿಂದಿರುಗಿಸುವುದು. ಹಿಂದಿನಿಂದ ಬೀಳುವ ಬೆಳಕು ಹೆಚ್ಚಾದರೆ ಚುಕ್ಕೆಯು ಹೊಳೆಯುವುದು; ಮುಂದಿನದು ಹೆಚ್ಚಾದರೆ ಕಪ್ಪಾಗಿ ತೋರುವುದು; ಎರಡೂ ಸಮವಾದಲ್ಲಿ ಕಾಗದದೊಡನೆ ಬೆರೆತು ಬಹುಮಟ್ಟಿಗೆ ಮಾಯವಾಗುವುದು. ಅಳತೆಪಟ್ಟಿಯುಳ್ಳ ಉದ್ದವಾದ ಪೀಠದ ಒಂದು ಕೊನೆಯಲ್ಲಿ ದೀಪ್ತಿಯು ಗೊತ್ತಿರುವ ಪ್ರಮಾಣದೀಪವನ್ನೂ, ಇನ್ನೊಂದು ಕೊನೆಯಲ್ಲಿ ಪರೀಕ್ಷ್ಯದೀಪವನ್ನೂ ಇಟ್ಟು, ನಡುವೆ ಕಾಗದವನ್ನು ಹಿಂದು ಮುಂದಕ್ಕೆ ಸರಿಸುತ್ತ ಚುಕ್ಕೆಯು ಮರೆಯಾಗುವ ತಾಣವನ್ನು ಹುಡುಕತಕ್ಕದ್ದು. ಕಾಗದದ ಎರಡು ಮೈಗಳನ್ನೂ ಒಮ್ಮೆಗೇ ಕಾಣುವಂತೆ ಓರೆಯಾಗಿ ಎರಡು ಕನ್ನಡಿಗಳನ್ನು ಇಡುವುದುಂಟು.

ಪ್ರಮಾಣದೀಪದ ದೀಪ್ತಿಯು ೧೬ ಕ್ಯಾಂಡೆಲಾ, ಕಾಗದಕ್ಕೆ ಅದರ ದೂರವು ೪೦ ಸೆಂಟಿಮೀಟರ್, ಪರೀಕ್ಷ್ಯದೀಪದ ದೂರವು ೬೦ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ದೂರಗಳ ವರ್ಗಗಳು ೧೬೦೦ ಮತ್ತು ೩೬೦೦. ಆದುದರಿಂದ ಪರೀಕ್ಷ್ಯದೀಪದ ದೀಪ್ತಿಯು ೩೬ ಕ್ಯಾಂಡೆಲಾ. ಕಾಗದದ ಎರಡು ಮೈಗಳಲ್ಲಿಯೂ ಪ್ರಕಾಶನವು ೧೦೦ ಲಕ್ಸ್. ಇಲ್ಲಿ ಸಮವಾದುದು ಪ್ರಕಾಶನ, ತಿಳಿದುಬಂದುದು ದೀಪ್ತಿ, ಅಳೆದುದು ದೂರ. ಮೂರನ್ನೂ 'ಬೆಳಕು' ಎಂದೇ ಬರೆದರೆ ವಿದ್ಯಾರ್ಥಿಗೆ ಉಳಿಯುವುದು ಸೂತ್ರದ ಬಾಯಿಪಾಠ ಮಾತ್ರ.

ಪ್ರಯೋಗದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯಕ. ಗೋಡೆಗಳಿಂದ ಮರಳಿದ ಬೆಳಕು ಕಾಗದದ ಮೇಲೆ ಬೀಳದಂತೆ ಕೋಣೆಯು ಕತ್ತಲೆಯಾಗಿ, ತೆರೆಗಳು ಕಪ್ಪಾಗಿ ಇರಬೇಕು. ದೂರವು ವರ್ಗದಲ್ಲಿ ಬರುವುದರಿಂದ ಅಲ್ಲಿಯ ತಪ್ಪು ಇಮ್ಮಡಿಯಾಗುವುದು. ೪೦ ಸೆಂಟಿಮೀಟರಿನಲ್ಲಿ ಒಂದು ಸೆಂಟಿಮೀಟರು ತಪ್ಪಿದರೆ ಫಲದಲ್ಲಿ ನೂರಕ್ಕೆ ಸುಮಾರು ಐದು ತಪ್ಪುವುದು. ಕಾಗದದ ಎರಡು ಮೈಗಳು ಒಂದೇ ತೆರನಾಗಿರಲಾರವಾದುದರಿಂದ ಅದನ್ನು ತಿರುಗಿಸಿ ಮತ್ತೆ ನೋಡಿ ಸರಾಸರಿಯನ್ನು ತೆಗೆದುಕೊಳ್ಳತಕ್ಕದ್ದು. ಒಂದು ದೀಪವು ಕೆಂಪಾಗಿಯೂ ಇನ್ನೊಂದು ನೀಲಿಯಾಗಿಯೂ ಇದ್ದರೆ ಸಾಮ್ಯವನ್ನು ನಿರ್ಣಯಿಸುವುದೇ ಕಷ್ಟ. ಮಬ್ಬಿನಲ್ಲಿ ಕಣ್ಣು ನೀಲಿಯ ಕಡೆಗೆ ವಾಲುವ ಸ್ವಭಾವದ್ದು.

೪. ದೀಪದಿಂದ ನಕ್ಷತ್ರಕ್ಕೆ

ಪ್ರಯೋಗಶಾಲೆಯ ಪೀಠದ ಮೇಲೆ ದೀಪವನ್ನು ಸರಿಸಬಹುದು, ನಕ್ಷತ್ರವನ್ನು ಸರಿಸಲಾಗದು. ಬರಿಗಣ್ಣಿಗೆ ತೋರುವ ನಕ್ಷತ್ರಗಳನ್ನು ಗ್ರೀಕರು ಆರು ವರ್ಗಗಳಾಗಿ ವಿಂಗಡಿಸಿದ್ದರು. ೧೮೫೬ರಲ್ಲಿ ಇಂಗ್ಲೆಂಡಿನ ಪಾಗ್ಸನ್ ಎಂಬವನು ಐದು ವರ್ಗಗಳ ಅಂತರಕ್ಕೆ ಸರಿಯಾಗಿ ನೂರು ಪಾಲು ಬೆಳಕೆಂದು ಗೊತ್ತುಮಾಡಿದನು. ಅನಂತರ ಕಣ್ಣಿನ ಸ್ಥಾನಕ್ಕೆ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುವ ಉಪಕರಣವು ಬಂದಿತು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಲ್ಲಿ ೧೯೭೭ರ ಮಾರ್ಚ್ ೧೦ರಂದು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು ಇಂಥ ದ್ಯುತಿಮಾಪಕದಿಂದ ಯುರೇನಸ್ ಗ್ರಹದ ಬಳಿಯ ನಕ್ಷತ್ರವೊಂದನ್ನು ನೋಡುತ್ತಿದ್ದಾಗ, ಗ್ರಹಬಿಂಬವು ಇನ್ನೂ ದೂರದಲ್ಲಿರುವಾಗಲೇ ನಕ್ಷತ್ರದ ಬೆಳಕು ಕೆಲವು ಕ್ಷಣ ಕುಗ್ಗಿತು. ಆ ರಾತ್ರಿಯೇ ಬೇರೆ ವೀಕ್ಷಕರಿಗೂ ಇಂಥ ಕುಗ್ಗುವಿಕೆಗಳು ಕಂಡುಬಂದು, ಯುರೇನಸಿಗೆ ಉಂಗುರಗಳಿರುವುದು ಹೀಗೆ ಬೆಳಕಿಗೆ ಬಂದಿತು. ಉಂಗುರಗಳನ್ನು ಆಗ ಯಾರೂ ನೋಡಲಿಲ್ಲ. ಬೆಳಕಿನ ಕೊರತೆಯನ್ನು ಅಳೆದು ಅನುಮಾನಿಸಿದರು.

ಇದೇ ಸಂಸ್ಥೆಯ ಇನ್ನೊಂದು ಕೇಂದ್ರವು ಹೊಸಕೋಟೆಯಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ ನಿಂತಿರುವ, ಎರಡು ಮೀಟರ್ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವು ೨೦೦೦ದಲ್ಲಿ ಮೊದಲ ಬೆಳಕನ್ನು ಕಂಡಿತು. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕುಳಿತವರು, ಉಪಗ್ರಹದ ಸಂಪರ್ಕದ ಮೂಲಕ. ಅಲ್ಲಿ ನಕ್ಷತ್ರದ ಬೆಳಕು ಸಂವೇದಕಫಲಕದ ಮೇಲೆ ಬಿದ್ದು ಅಂಕಿಗಳಾಗಿ ಬರುವುದು. ಆದರೆ ಗಾಳಿಯ ತೇವ, ಧೂಳು, ದಿಗಂತದಿಂದ ನಕ್ಷತ್ರದ ಎತ್ತರ ಇವುಗಳಿಂದ ಅಂಕಿಯು ಗಳಿಗೆಗಳಿಗೆಗೂ ಬದಲಾಗುವುದರಿಂದ, ಅದೇ ಚಿತ್ರದಲ್ಲಿ ಬಿದ್ದ, ದೀಪ್ತಿಯು ಬದಲಾಗದ ನೆರೆಯ ನಕ್ಷತ್ರದೊಡನೆ ಅದನ್ನು ಹೋಲಿಸಬೇಕಾಗುವುದು. ಪೀಠದ ಮೇಲಿನ ಪ್ರಮಾಣದೀಪವೇ ಇಲ್ಲಿ ಆಕಾಶಕ್ಕೆ ಏರಿದೆಯೆನ್ನಬಹುದು.

೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವು ಸಿದ್ಧವಾದುದೂ ಹೊಸಕೋಟೆಯಲ್ಲಿಯೇ. ಅದು ಬೆಳಕಿನ ಕಣಗಳನ್ನು, ಎಂದರೆ ಫೋಟಾನುಗಳನ್ನು, ಒಂದೊಂದಾಗಿ ಎಣಿಸಬಲ್ಲುದು.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು: ಕಣಗಳನ್ನೇ ಎಣಿಸುವಲ್ಲಿ ಹೋಲಿಕೆಯ ಮಾತೇಕೆ? ಎಣಿಕೆಯು ನೇರವಾದ ಅಳತೆಯಲ್ಲವೆ? ಸಮಾಧಾನವೇನೆಂದರೆ, ಬಂದ ಕಣಗಳಲ್ಲಿ ಎಷ್ಟನ್ನು ಉಪಕರಣವು ಹಿಡಿಯಿತು, ಎಷ್ಟನ್ನು ಕನ್ನಡಿಗಳೂ ಶೋಧಕಗಳೂ ನುಂಗಿದುವು ಎಂಬುದು ಎಣಿಕೆಯಿಂದಲೇ ತಿಳಿಯದು. ಅದಕ್ಕಾಗಿ ಎಚ್‌ಜೆಡ್ ೪ ಎಂಬ ಶ್ವೇತಕುಬ್ಜ ನಕ್ಷತ್ರವನ್ನು, ಅದರ ಬೆಳಕು ಮೊದಲೇ ಗೊತ್ತಿರುವುದರಿಂದ, ಪ್ರಮಾಣವಾಗಿ ಇಟ್ಟುಕೊಂಡು ಆ ದೂರದರ್ಶಕದ ಎಣಿಕೆಗೆ ಅರ್ಥವನ್ನು ಗೊತ್ತುಮಾಡಲಾಯಿತು.

ಕ್ಯಾಂಡೆಲಾ ಎಂಬ ಮಾನವು ಕೂಡ ಮೊದಲು ಮೇಣದ ಬತ್ತಿಯ ಹೆಸರಿನಿಂದಲೇ ಬಂದುದು. ೧೯೭೯ರಲ್ಲಿ ಅದನ್ನು ಒಂದು ಗೊತ್ತಾದ ಹಸುರು ಬೆಳಕಿನ ಶಕ್ತಿಯೊಡನೆ ಕಟ್ಟಿದರು. ಆ ಹಸುರನ್ನು ಆರಿಸಿದುದು ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಅದೇ ಹೆಚ್ಚು ಗೋಚರವಾದುದರಿಂದ. ಹೀಗೆ ಉಪಕರಣಗಳು ಬದಲಾದರೂ ಮಾನದ ಮೂಲದಲ್ಲಿ ಕಣ್ಣು ಉಳಿದಿದೆ.

೫. ಪರಿಭಾಷೆಯ ವಿಷಯ

ಮೇಲ್ಕಂಡ ವಿವರಣೆಯಿಂದ ಪರಿಭಾಷೆಯ ಪ್ರಶ್ನೆಯು ಕೇವಲ ಶಬ್ದಗಳ ವಿಲಾಸವಲ್ಲವೆಂಬುದು ವಿದಿತವಾಗುತ್ತದೆ. ಹೊಸಕೋಟೆಯ ಕೇಂದ್ರದ ಆಚೀಚೆ ಇರುವ ಶಾಲೆಗಳ ಮಕ್ಕಳು ಆ ಕೇಂದ್ರದಲ್ಲಿ ನಡೆಯುವುದನ್ನು ತಮ್ಮ ಮಾತಿನಲ್ಲಿ ತಿಳಿಯಬೇಕಾದರೆ, ದೀಪ್ತಿ, ಪ್ರಭಾಪ್ರವಾಹ, ಪ್ರಕಾಶನಗಳು ಅವರಿಗೆ ಮೂರು ಬೇರೆ ವಸ್ತುಗಳಾಗಿ ತೋರಬೇಕು. ಈ ಹೆಸರುಗಳೇ ಆಗಬೇಕೆಂಬ ಹಟವಿಲ್ಲ. ಉತ್ತಮವಾದವು ದೊರೆತರೆ ಅವನ್ನೇ ಹಿಡಿಯಬಹುದು. ಒಂದು ಅರ್ಥಕ್ಕೆ ಒಂದು ಹೆಸರು ಎಂಬ ನಿಯಮವನ್ನು ಮಾತ್ರ ಬಿಡಲಾಗದು. ಕವಿಗೆ ಪರ್ಯಾಯಗಳ ಸಮೃದ್ಧಿಯು ಸಂಪತ್ತು. ಅಳೆಯುವವನಿಗೆ ಅದೇ ಪ್ರಮಾದಕ್ಕೆ ದಾರಿ. ಎರಡನ್ನೂ ಬಲ್ಲ ಅಧ್ಯಾಪಕನು ಒಂದೇ ಶಬ್ದವು ಕಾವ್ಯದಲ್ಲಿ ಹೇಗೆ ಹರಡುವುದೆಂಬುದನ್ನೂ ಶಾಸ್ತ್ರದಲ್ಲಿ ಹೇಗೆ ನಿಲ್ಲುವುದೆಂಬುದನ್ನೂ ಒಂದೇ ಪಾಠದಲ್ಲಿ ತೋರಿಸಬಲ್ಲನು.