ಸ್ಟೆಪ್ನಿಯ ಮೇಯರು

1922ರಲ್ಲಿ ಲಂಡನ್ನಿನ ಲೈಮ್‌ಹೌಸ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಗೆದ್ದ ಕ್ಲೆಮೆಂಟ್ ಅಟ್ಲೀಯವರು ಅಲ್ಲಿನ ಬಡಜನರಿಗೆ ಅಪರಿಚಿತರಾಗಿರಲಿಲ್ಲ. ಸಂಪನ್ನ ಕುಟುಂಬದಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡಿ, ವಕೀಲಿಯನ್ನು ಕೈಕೊಂಡಿದ್ದ ಅವರು, 1905ರಲ್ಲಿ, ಲೈಮ್‌ಹೌಸನ್ನು ಒಳಗೊಂಡಿದ್ದ ಸ್ಟೆಪ್ನಿಯ ಬಡ ಬಾಲಕರ ಸಂಘವೊಂದಕ್ಕೆ ಭೇಟಿಯಿತ್ತು, ಕ್ರಮೇಣ ಅದರ ಮೇಲ್ವಿಚಾರಣೆಯನ್ನು ವಹಿಸಿ ಅಲ್ಲಿಯೇ ನೆಲಸಿ, ದಾರಿದ್ರ್ಯವು ದರಿದ್ರರ ದೋಷವಲ್ಲವೆಂಬುದನ್ನು ಆ ನೆರೆಹೊರೆಯಲ್ಲಿಯೇ ಮನಗಂಡರು. ಮೊದಲನೆಯ ಮಹಾಯುದ್ಧದಿಂದ ಮೇಜರ್ ಪದವಿಯೊಡನೆ ಮರಳಿ, 1919ರಲ್ಲಿ ಸ್ಟೆಪ್ನಿಯ ಮೇಯರಾದಾಗ, ದುಬಾರಿ ಬಾಡಿಗೆಯನ್ನು ವಸೂಲುಮಾಡಿಯೂ ಮನೆಗಳನ್ನು ದುರಸ್ತಿಮಾಡಿಸದ ಮಾಲೀಕರಿಗೆ ಪುರಸಭೆಯಿಂದ ನೋಟೀಸುಗಳನ್ನು ಹೊರಡಿಸಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರನ್ನೂ ನೈರ್ಮಲ್ಯ ಪರೀಕ್ಷಕರನ್ನೂ ನೇಮಿಸಿ, ಶಿಶುಮರಣವನ್ನು ತಗ್ಗಿಸಲು ಶ್ರಮಿಸಿದರು. ಮತಯಾಚನೆಗೆ ಬರುವವನಿಗೆ ಇದಕ್ಕಿಂತ ಶ್ರೇಷ್ಠವಾದ ಅರ್ಹತೆಯನ್ನು ನಾನು ಕಾಣೆನು. 1947ರಲ್ಲಿ ಭಾರತದ ಸ್ವಾತಂತ್ರ್ಯದ ಮಸೂದೆಯನ್ನು ಬ್ರಿಟಿಷ್ ಪಾರ್ಲಿಮೆಂಟಿಗೆ ತಂದುದು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅಟ್ಲೀಯವರ ಸರ್ಕಾರವೇ.