ಕೊಂಬೆಗೆ ಕೊಂಬೆ ತಾಗಲಿ

ರಾತ್ರಿ ಹತ್ತು ದಾಟಿದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಟಾರ್ಚಿನ ಮೂತಿಗೆ ಕೆಂಪು ಹಾಳೆ ಸುತ್ತಿ ಮರಗಳ ನೆತ್ತಿಗೆ ಬೆಳಕು ಹಾಯಿಸಿದರೆ, ಅದೃಷ್ಟವಿದ್ದವರಿಗೆ ಕೆಂಡದ ಎರಡು ಚುಕ್ಕಿಗಳು ಕಾಣಸಿಗುತ್ತವೆ. ಅವು ಕಾಡುಪಾಪದ ಕಣ್ಣುಗಳು. ಅಂಗೈಯಲ್ಲಿ ಹಿಡಿಸುವ ದೇಹ, ಕಡ್ಡಿಯಂಥ ಕೈಕಾಲು, ಬಾಲವಂತೂ ಇಲ್ಲ. ತೂಕ ಹೆಚ್ಚೆಂದರೆ ಕಾಲು ಕಿಲೋ ಆಸುಪಾಸು. ಎಲೆ ಅಲುಗದಂತೆ ಒಂದೊಂದೇ ಹೆಜ್ಜೆ ಇಡುತ್ತಾ ಕೊಂಬೆಯ ತುದಿಗೆ ಬಂದು, ಪಕ್ಕದ ಮರದ ರೆಂಬೆಗೆ ಕೈ ಚಾಚುತ್ತದೆ. ರೆಂಬೆ ಸಿಕ್ಕರೆ ದಾಟಿತು, ಸಿಗದಿದ್ದರೆ ಅದರ ಲೋಕ ಅಲ್ಲಿಗೇ ಮುಗಿಯಿತು.

ಕಾಡುಪಾಪ ಕೋತಿಯ ದೂರದ ನೆಂಟ. ಆದರೆ ಕೋತಿಯಂತೆ ನೆಗೆಯುವ ಮೈಕಟ್ಟು ಅದಕ್ಕಿಲ್ಲ. ನೆಲಕ್ಕಿಳಿದರೆ ಬೀದಿನಾಯಿ ಮತ್ತು ವಾಹನ, ತಂತಿ ಹಿಡಿದರೆ ಕರೆಂಟು. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಪಡೆದ ಈ ಜೀವ, ವಿಜ್ಞಾನ ಸಂಸ್ಥೆ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಂಥ ಹಳೆಯ ಆವರಣಗಳಲ್ಲಿ ಇನ್ನೂ ಉಸಿರಾಡುತ್ತಿದೆ. ನಗರದಲ್ಲಿ ಎಷ್ಟು ಮರಗಳಿವೆ ಎಂದು ನಾವು ಲೆಕ್ಕ ಕೇಳುತ್ತೇವೆ. ಕಾಡುಪಾಪಕ್ಕೆ ಬೇಕಾದ ಲೆಕ್ಕವೇ ಬೇರೆ: ಈ ಮರದಿಂದ ಆ ಮರಕ್ಕೆ ದಾರಿ ಇದೆಯೇ? ಉಷ್ಣವಲಯದ ನಗರಗಳಲ್ಲಿ ಜೀವವೈವಿಧ್ಯ ಉಳಿಸುವ ವಿಜ್ಞಾನದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಡಾಂಬರಿನ ಕಡಲು, ಹಸಿರು ನಡುಗಡ್ಡೆ

1967ರಲ್ಲಿ ರಾಬರ್ಟ್ ಮ್ಯಾಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ದ್ವೀಪಗಳ ಜೀವಜಾಲ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅವರ ವಾದ ಸರಳ. ದ್ವೀಪ ಚಿಕ್ಕದಾದಷ್ಟೂ ಅಲ್ಲಿನ ಜೀವಿಗಳು ಬೇಗ ಅಳಿಯುತ್ತವೆ. ದೂರವಾದಷ್ಟೂ ಹೊಸಬರು ಬಂದು ಆ ಜಾಗ ತುಂಬುವುದು ಕಡಿಮೆ. ಕಡಲಿನ ಬದಲು ಡಾಂಬರು, ಕಾಂಕ್ರೀಟು ಎಂದುಕೊಳ್ಳಿ. ಆಗ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಒಂದು ಕಾಲೇಜಿನ ಆವರಣ, ಒಂದು ಸ್ಮಶಾನದ ಮರಗಳ ಗುಂಪು ಎಲ್ಲವೂ ದ್ವೀಪಗಳೇ. ಹತ್ತಿಪ್ಪತ್ತು ಕಾಡುಪಾಪಗಳು ಒಂದು ಆವರಣದೊಳಗೇ ತಲೆಮಾರುಗಟ್ಟಲೆ ಸಿಕ್ಕಿಕೊಂಡರೆ ರಕ್ತಸಂಬಂಧಿಗಳೇ ಕೂಡಬೇಕಾಗುತ್ತದೆ. ಒಂದು ರೋಗ, ಒಂದು ಬರಗಾಲ ಸಾಕು, ಅಲ್ಲಿನ ಸಂತತಿ ಮುಗಿದೇ ಹೋಗಬಹುದು. ಮರಗಳೆಲ್ಲ ಹಾಗೇ ನಿಂತಿರುತ್ತವೆ, ಒಳಗಿನ ಜೀವ ಮಾತ್ರ ಸದ್ದಿಲ್ಲದೆ ಖಾಲಿಯಾಗಿರುತ್ತದೆ.

ಸಿಂಗಪುರ ಈ ಪಾಠವನ್ನು ತುಂಬಾ ಬೆಲೆ ತೆತ್ತು ಕಲಿಯಿತು. ಎರಡು ಶತಮಾನಗಳಲ್ಲಿ ತನ್ನ ಮೂಲ ಕಾಡಿನ ಶೇ 95ಕ್ಕೂ ಹೆಚ್ಚು ಭಾಗವನ್ನು ಅದು ಕಳೆದುಕೊಂಡಿದೆ. ಉಳಿದ ಚೂರನ್ನೂ 1986ರಲ್ಲಿ ಒಂದು ಎಕ್ಸ್‌ಪ್ರೆಸ್ ಹೆದ್ದಾರಿ ಸೀಳಿತು. ಒಂದು ಬದಿಗೆ ಬುಕಿಟ್ ತಿಮಾ ಕಾಡು ಉಳಿಯಿತು, ಇನ್ನೊಂದು ಬದಿಗೆ ನಡುನಾಡಿನ ಜಲಾನಯನ ಕಾಡು. ದಾಟಲು ಹೋದ ಚಿಪ್ಪುಹಂದಿಗಳು ಚಕ್ರಕ್ಕೆ ಸಿಕ್ಕಿ ಸತ್ತವು. ಕೊನೆಗೆ 2013ರಲ್ಲಿ ಹೆದ್ದಾರಿಯ ಮೇಲೆ 62 ಮೀಟರ್ ಉದ್ದದ ಸೇತುವೆ ಕಟ್ಟಿ, ಅದರ ಮೇಲೆ ಮಣ್ಣು ಸುರಿದು, ಆ ಕಾಡಿನದೇ ಗಿಡಮರ ನೆಟ್ಟರು. ಆ ಸೇತುವೆ ಇರುವುದು ಪ್ರಾಣಿಗಳಿಗಾಗಿ. ಅಲ್ಲಿಟ್ಟ ಕ್ಯಾಮೆರಾಗಳಲ್ಲಿ ಚಿಪ್ಪುಹಂದಿಯೂ ಕಾಣಿಸಿಕೊಂಡಿತು. ಕಡಿಯುವಾಗ ಕೆಲವು ವರ್ಷ ಸಾಕಾದ ಕೊಂಡಿಯನ್ನು ಮತ್ತೆ ಬೆಸೆಯಲು ಕಾಲು ಶತಮಾನ ಬೇಕಾಯಿತು.

ನೀರಿನ ಸರಪಳಿ

ಬೆಂಗಳೂರಿಗೆ ಇಂಥ ಕೊಂಡಿಗಳು ಹೊಸತಲ್ಲ. ದೊಡ್ಡ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಹಿಂದಿನವರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಹೀಗೆ ಹರಿದದ್ದು ಬರೀ ನೀರಲ್ಲ. ಮೀನಿನ ಮರಿ, ಕಪ್ಪೆಯ ಮೊಟ್ಟೆ, ಜಲಸಸ್ಯದ ಬೀಜಗಳೂ ಅದರೊಂದಿಗೆ ಪಯಣಿಸಿದವು. ಕಾಲುವೆಯ ದಡದ ಪೊದೆಗಳು ಮುಂಗುಸಿಗೆ, ಹಾವಿಗೆ, ಚಿಟ್ಟೆಗೆ ಓಣಿಗಳಾದವು. ಇಂದು ಕಾಂಕ್ರೀಟಿನ ನಡುವೆ ಕೊಳಚೆ ಹರಿಯುವ ರಾಜಕಾಲುವೆಯನ್ನು ನೋಡುವಾಗ, ಅದು ನಗರದ ಅತ್ಯಂತ ಹಳೆಯ ವನ್ಯಜೀವಿ ಮಾರ್ಗ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಕೆರೆಗಳ ಪುನರುಜ್ಜೀವನದಲ್ಲೂ ಒಂದು ಸೂಕ್ಷ್ಮವಿದೆ. ಹೂಳೆತ್ತುವ ಹೆಸರಲ್ಲಿ ಕೆರೆಯನ್ನು ಆಳವಾದ ಬಟ್ಟಲಾಗಿ ಕೊರೆದು, ದಡಕ್ಕೆ ಕಡಿದಾಗಿ ಕಲ್ಲು ಜೋಡಿಸಿದರೆ ನೀರೇನೋ ಹೆಚ್ಚು ನಿಲ್ಲುತ್ತದೆ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅದೂ ಸರಿಯೇ. ಆದರೆ ಮೊಣಕಾಲುದ್ದದ ನೀರಿನಲ್ಲಿ ನಡೆದು ಹುಳ ಹೆಕ್ಕುವ ಮೆಟ್ಟುಗಾಲು ಹಕ್ಕಿ ಎಲ್ಲಿ ಕಾಲೂರಬೇಕು? ಕೆರೆಯ ಅಂಚು ಇಳಿಜಾರಾಗಿ, ಕೆಸರಾಗಿ, ಜೊಂಡು ಬೆಳೆದು ಒಂದಿಷ್ಟು ಅಸ್ತವ್ಯಸ್ತವಾಗಿಯೇ ಇರಬೇಕು. ನಮ್ಮ ಕಣ್ಣಿಗೆ ಕೊಳಕಾಗಿ ಕಾಣುವ ಆ ಅಂಚೇ ಅಡುಗೆಮನೆ, ಅದೇ ಬಾಣಂತಿಕೋಣೆ.

ಎಂಥ ಮರ?

ಮರ ನೆಡುವಾಗಲೂ ಹೀಗೇ, ಎಷ್ಟು ಎಂಬುದರ ಜೊತೆಗೆ ಎಂಥದ್ದು ಎಂದೂ ಕೇಳಬೇಕು. ಅತ್ತಿಹಣ್ಣು ಬಿಡಿಸಿದರೆ ಹುಳ ಎಂದು ನಾವು ಮುಖ ಸಿಂಡರಿಸುತ್ತೇವೆ. ಆ ‘ಹುಳ’ಗಳಲ್ಲೇ ಈ ಮರದ ಬದುಕಿನ ಗುಟ್ಟಿದೆ. ಅತ್ತಿ, ಆಲ, ಅರಳಿ, ಬಸರಿ ಮರಗಳ ಹೂಗಳು ಕಾಯಿಯೊಳಗೇ ಅಡಗಿರುತ್ತವೆ. ಒಂದು ಪುಟ್ಟ ಕಣಜ ಕಾಯಿಯ ತುದಿಯ ಕಿಂಡಿಯಲ್ಲಿ ನುಸುಳಿ, ಬಹಳ ಸಲ ರೆಕ್ಕೆಯನ್ನೂ ಕಳೆದುಕೊಂಡು, ಒಳಗೆ ಪರಾಗ ಹರಡಿ ಮೊಟ್ಟೆಯಿಟ್ಟು ಸಾಯುತ್ತದೆ. ಸಾಮಾನ್ಯವಾಗಿ ಪ್ರತಿ ಜಾತಿಯ ಮರಕ್ಕೂ ಅದರದೇ ಕಣಜ. ಈ ಕಣಜದ ಆಯಸ್ಸು ಒಂದೆರಡು ದಿನವಷ್ಟೇ. ಅದರ ವಂಶ ಉಳಿಯಬೇಕಾದರೆ ಸುತ್ತಮುತ್ತ ಎಲ್ಲಾದರೂ ಅದೇ ಜಾತಿಯ ಮರವೊಂದು ಕಾಯಿ ಬಿಡುತ್ತಿರಲೇಬೇಕು. ಹಾಗಾಗಿ ಒಂದು ಆಲ ಮಾಗಿ ಮುಗಿಯುವಷ್ಟರಲ್ಲಿ ಇನ್ನೊಂದು ಆಲ ಶುರುವಾಗುತ್ತದೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲೂ ಕೋಗಿಲೆ, ಕುಟ್ರುಹಕ್ಕಿ, ಬಾವಲಿಗಳಿಗೆ ಊಟ ಸಿಗುವುದು ಇದರಿಂದ.

ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್, ಅಮೆರಿಕ ಖಂಡದ ತಬೂಬಿಯಾ ನಮ್ಮ ಬೀದಿಗಳನ್ನು ಬಣ್ಣದಲ್ಲಿ ಅದ್ದುತ್ತವೆ, ಅವುಗಳ ಚೆಲುವನ್ನು ಅಲ್ಲಗಳೆಯಲಾಗದು. ಹೊರನಾಡಿನದೇ ಆದ ಮಳೆಮರ ರಸ್ತೆಯಗಲ ಚಪ್ಪರ ಹಾಕಿ ಹದ್ದಿನ ಗೂಡಿಗೂ ಜಾಗ ಕೊಟ್ಟಿದೆ. ಆದರೆ ಬರೀ ಹೂವಿನ ಮರಗಳ ಬೀದಿ, ವರ್ಷಕ್ಕೊಮ್ಮೆ ಹಬ್ಬ ಮಾಡಿ ಉಳಿದ ದಿನ ಒಲೆ ಹಚ್ಚದ ಮನೆಯಂತೆ.

ದೊಡ್ಡ ಮರದ ಲಾಭ ಮನುಷ್ಯರಿಗೂ ನೇರವಾಗಿ ತಲುಪುತ್ತದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿದ್ದ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಗಿಂತ 5.6 ಡಿಗ್ರಿವರೆಗೆ ತಂಪಾಗಿತ್ತು. ಡಾಂಬರಿನ ಮೈ 27.5 ಡಿಗ್ರಿವರೆಗೆ ತಂಪಾಗಿತ್ತು. ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ ಇದು ಬರೀ ಅಂಕಿ ಅಲ್ಲ, ಆ ದಿನದ ದುಡಿಮೆ.

ಬಯಲೂ ಒಂದು ಮನೆ

ಹಾಗೆಂದು ಖಾಲಿ ಕಂಡಲ್ಲೆಲ್ಲ ಸಸಿ ನೆಟ್ಟರೆ ಅದೂ ತಪ್ಪಾದೀತು. ನಗರದ ಅಂಚಿನ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ, ಚಳಿಗಾಲಕ್ಕೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳಿವೆ. ಅವಕ್ಕೆ ಬೇಕಾದದ್ದು ಬಯಲೇ. 2020ರಲ್ಲಿ ವಿಜ್ಞಾನಿಗಳು ರಾಜಾನುಕುಂಟೆ ಬಳಿಯ ಬರಡು ನೆಲದಲ್ಲಿ, ಮಣ್ಣಿನೊಳಗೆ ಹುದುಗಿ ಬದುಕುವ ಕಪ್ಪೆಯೊಂದನ್ನು ಗುರುತಿಸಿ ‘ಸ್ಫೀರೋಥೀಕಾ ಬೆಂಗಳೂರು’ ಎಂದು ಹೆಸರಿಟ್ಟರು. ಇಷ್ಟು ದೊಡ್ಡ ನಗರದ ಬಗಲಲ್ಲಿ, ಲೋಕಕ್ಕೇ ಹೊಸದಾದ ಜೀವ! ಕಡತಗಳಲ್ಲಿ ನಾವು ‘ಬಂಜರು’ ಎಂದು ಬರೆದ ನೆಲದಲ್ಲಿ ಇನ್ನೂ ಯಾರ್‍ಯಾರಿದ್ದಾರೋ.

ನಮ್ಮ ಕೈಯಳತೆಯ ಕೆಲಸ

ಇಷ್ಟಕ್ಕೆಲ್ಲ ಹೊಸ ಕಾಡು ಬೆಳೆಸಬೇಕಿಲ್ಲ. ಇರುವುದನ್ನು ಕಾಯ್ದುಕೊಂಡು ಕೂಡಿಸಿದರೆ ಅರ್ಧ ಕೆಲಸ ಆದಂತೆ. ಹಳ್ಳಿಗಳು ನಗರದೊಳಗೆ ಕರಗಿದರೂ ಅಲ್ಲಲ್ಲಿ ಉಳಿದಿರುವ ಗುಂಡುತೋಪುಗಳ ಮಾವು, ನೇರಳೆ, ಹುಣಸೆಗಳನ್ನು ಕಾಯಬೇಕು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲೇ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಆ ಗೌರವ ಬೀದಿಬದಿಯ ತೋಪಿಗೂ ಸಲ್ಲಬೇಕು. ಅರಳಿಕಟ್ಟೆಗೆ ಟೈಲ್ಸ್ ಹಾಕುವಾಗ ಬುಡದ ಸುತ್ತ ಮಣ್ಣು ಉಸಿರಾಡುವಷ್ಟು ಜಾಗ ಬಿಡಬೇಕು. ಎರಡು ಆವರಣಗಳ ನಡುವಿನ ಬೀದಿಯಲ್ಲಿ ಸಾಲುಮರ ನೆಟ್ಟರೆ, ಮರ ಬೆಳೆಯುವ ತನಕ ಹಗ್ಗದ ಸೇತುವೆ ಕಟ್ಟಿದರೆ, ಎರಡು ನಡುಗಡ್ಡೆಗಳು ಒಂದಾಗುತ್ತವೆ.

ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವವರು ನಿಮ್ಮ ಬೀದಿಗೂ ಬರುತ್ತಾರೆ. ಒಣಗಿ ಬೀಳುವಂತಿದ್ದರೆ, ತಂತಿಗೆ ತಾಗುತ್ತಿದ್ದರೆ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗರಗಸ ಶುರುವಾಗುವ ಮುನ್ನ ಒಮ್ಮೆ ತಲೆಯೆತ್ತಿ, ಆ ಕೊಂಬೆ ಯಾವ ಮರವನ್ನು ತಾಗಿದೆ ಎಂದು ನೋಡಿ. ರಸ್ತೆಯಾಚೆಯ ಮರದ ರೆಂಬೆಗೆ ಅದು ಬೆರಳು ಕೊಟ್ಟಿದ್ದರೆ, ಅದೊಂದನ್ನು ಉಳಿಸಲು ಕೇಳಿಕೊಳ್ಳಿ. ಆ ಗೇಣುದ್ದದ ದಾರಿಯಲ್ಲಿ ಇರುಳು ಯಾರು ನಡೆಯುತ್ತಾರೋ ನಮಗೆ ಕಾಣುವುದಿಲ್ಲ. ನಡೆಯುವವರಿಗೆ ಮಾತ್ರ, ಅದು ಬಿಟ್ಟರೆ ಬೇರೆ ದಾರಿಯಿಲ್ಲ.