ಅವಿತ ಬೆಕ್ಕನ್ನು ಎಳೆಯಬೇಡಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಬಾಯಿಟ್ಟು ನಾಲಿಗೆ ಸುಟ್ಟುಕೊಂಡ ಅದು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಕಥೆ ರಾಮಕೃಷ್ಣನ ಜಾಣತನದ್ದಾದರೂ ಅದರಲ್ಲಿ ಬೆಕ್ಕಿನ ಸ್ವಭಾವವೂ ಇದೆ. ಒಮ್ಮೆ ಆದ ಭಯವನ್ನು ಅದು ಬಹುಕಾಲ ಮರೆಯುವುದಿಲ್ಲ. ಆಶ್ರಯ ಕೇಂದ್ರದಿಂದ ಅಂಜುಬುರುಕ ಬೆಕ್ಕನ್ನು ತರಬೇಕೆಂದಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾಗಬೇಕು.

"ಮೂಲೆ ಸೇರುವ ಬೆಕ್ಕಿಗೆ ಜನರೇ ಆಗುವುದಿಲ್ಲ" ಅನ್ನುತ್ತಾರೆ. ಹಾಗಲ್ಲ. ಮರಿಗಳು ಮನುಷ್ಯರನ್ನು ನಂಬಲು ಕಲಿಯುವ ಮುಖ್ಯ ಕಾಲ ಹುಟ್ಟಿದ 2ರಿಂದ 7 ವಾರ. ಆಗ ಮನುಷ್ಯರ ಕೈ ಸೋಕದೆ ಬೀದಿಯಲ್ಲಿ ಬೆಳೆದ ಬೆಕ್ಕಿಗೆ ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಮಕ್ಕಳ ಓಡಾಟ ಎಲ್ಲವೂ ಹೊಸತು. ಅವಿತುಕೊಂಡೇ ಅದು ಧೈರ್ಯ ತಂದುಕೊಳ್ಳುತ್ತದೆ. ನೆದರ್‌ಲೆಂಡ್ಸ್‌ನ ಆಶ್ರಯ ಕೇಂದ್ರವೊಂದರ ಬೆಕ್ಕುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು. ಆದ್ದರಿಂದ ಬೆಕ್ಕು ಬರುವ ಮೊದಲೇ ಒಂದು ಸಣ್ಣ ಕೋಣೆ ಬಿಡುವು ಮಾಡಿ, ರಟ್ಟಿನ ಡಬ್ಬವನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಹಳೆಯ ಹತ್ತಿ ಸೀರೆ ಹಾಸಿಡಿ. ಊಟ, ನೀರು ಒಂದು ಮೂಲೆಗೆ. ಮರಳಿನ ಟ್ರೇ ಆದಷ್ಟು ದೂರಕ್ಕೆ. ಕೇಂದ್ರದಲ್ಲಿ ಕೊಡುತ್ತಿದ್ದ ಆಹಾರವನ್ನೇ ಕೆಲವು ದಿನ ಮುಂದುವರಿಸಿ. ಲಸಿಕೆಯ ಕಾರ್ಡು, ಸಂತಾನಹರಣ ಚಿಕಿತ್ಸೆಯ ವಿವರ ಅಲ್ಲೇ ಕೇಳಿ ಪಡೆಯಿರಿ. ದೀಪಾವಳಿಯ ಹೊತ್ತಿಗಂತೂ ತರಲೇಬೇಡಿ.

ಆದರೆ ಒಂದು ಎಚ್ಚರಿಕೆ. ನಾಚಿಕೆ ಬೇರೆ, ಊಟ ಬಿಡುವುದು ಬೇರೆ. ಇಡೀ ದಿನ ಏನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.

"ಹಾಲು ಅನ್ನ ಹಾಕಿದರೆ ಸಾಕು, ಬೆಕ್ಕು ಬೆಳೆಯುತ್ತದೆ" ಎಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಸ್ಯಾಹಾರಿ ಮನೆಯವರು ಈ ಮಾತನ್ನು ಬೆಕ್ಕು ತರುವ ಮುಂಚೆಯೇ ಮನೆಯವರೆಲ್ಲ ಕೂತು ಮುಗಿಸಿಕೊಳ್ಳಬೇಕು. ಟಾರಿನ್ ಸೇರಿಸಿದ ಬೆಕ್ಕಿನ ಆಹಾರ ಅಂಗಡಿಯಲ್ಲಿ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಜ್ವರವೆಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೂ ಬೆಕ್ಕು ಸಾಯಬಹುದು.

"ಎಷ್ಟು ಎತ್ತರದಿಂದ ಬಿದ್ದರೂ ನಾಲ್ಕು ಕಾಲ ಮೇಲೇ ನಿಲ್ಲುತ್ತದೆ." ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವುದು ನಿಜ. ಆದರೂ ದವಡೆ ಒಡೆಯುತ್ತದೆ, ಎದೆಗೆ ಪೆಟ್ಟಾಗುತ್ತದೆ. ಬಾಲ್ಕನಿಗೆ ಬಲೆ ಹಾಕಿಸದೆ ಬೆಕ್ಕನ್ನು ಅಪಾರ್ಟ್‌ಮೆಂಟಿಗೆ ತರುವುದು ತಪ್ಪು. ಹೆದರಿದ ಬೆಕ್ಕು ಸಣ್ಣ ಸಂದಿಯಲ್ಲೂ ನುಸುಳಿಬಿಡುತ್ತದೆ.

ಬಸುರಿಯಿರುವ ಮನೆಯಲ್ಲಿ ಬೆಕ್ಕು ಕೂಡದೆಂಬ ಮಾತೂ ಇದೆ. ಈ ಭಯಕ್ಕೆ ಕಾರಣವಾದ ಟಾಕ್ಸೊಪ್ಲಾಸ್ಮಾ ರೋಗಾಣು ಬೆಕ್ಕಿನ ಮಲದಲ್ಲಿ ಸೋಂಕು ತರುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಟ್ರೇಯನ್ನು ದಿನವೂ ಬೇರೆಯವರು ತೊಳೆದರೆ ಬೆಕ್ಕನ್ನು ಹೊರಹಾಕಬೇಕಿಲ್ಲ.

ಇನ್ನು "ಎತ್ತಿ ಮುದ್ದಾಡಿದರೆ ಭಯ ಬಿಡುತ್ತದೆ" ಎನ್ನುವುದು. ಎಳೆದು ಎತ್ತಿಕೊಂಡಷ್ಟೂ ನಮ್ಮ ಕೈಯೇ ಅದಕ್ಕೆ ಕುದಿಯುವ ಹಾಲಾಗುತ್ತದೆ. ನೆಟ್ಟ ನೋಟವೂ ಅದಕ್ಕೆ ಬೆದರಿಕೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಬೆಕ್ಕು ಹತ್ತಿರ ಬರುವ ಸಾಧ್ಯತೆ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು.

ನಮ್ಮ ಮನೆಗೆ ಬಂದ ಬೂದು ಬೆಕ್ಕು 11 ದಿನ ಮಂಚದ ಕೆಳಗೇ ಇತ್ತು. ಹಗಲೆಲ್ಲ ಕತ್ತಲಲ್ಲಿ ಎರಡು ಕಣ್ಣು. ದೀಪ ಆರಿದ ಮೇಲೆ ಕಾಳು ಕಡಿಯುವ ಕಟಕಟ ಸದ್ದು. ದಿನವೂ ಸಂಜೆ ಅಲ್ಲೇ ನೆಲದ ಮೇಲೆ ಕೂತು, ಅದಕ್ಕೆ ಬೆನ್ನು ಮಾಡಿ, ಮೆಲುದನಿಯಲ್ಲಿ ಪೇಪರ್ ಓದುತ್ತಿದ್ದೆ. 12ನೆಯ ಸಂಜೆ ಒದ್ದೆ ಮೂತಿಯೊಂದು ಹಿಮ್ಮಡಿಗೆ ತಣ್ಣಗೆ ತಾಗಿತು. ನಾನು ತಿರುಗಿ ನೋಡಲಿಲ್ಲ, ಓದುತ್ತಲೇ ಇದ್ದೆ.